ಫ್ಲೂ ಲಸಿಕೆ: ಚುಚ್ಚುವುದು ಒಬ್ಬರ ತೋಳಿಗೆ, ಲಾಭ ಯಾರ್ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಶಿಬಿರ ನಡೆಯುತ್ತದೆ. ಅದಕ್ಕಾಗಿ ಓಡಾಡುವ ನಾಲ್ಕಾರು ಜನರಲ್ಲಿ ನಾನೂ ಒಬ್ಬಳು. ಶಿಬಿರದ ಮೇಜಿನ ಮುಂದೆ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಇಲ್ಲಿರುವುದು ಹೆಚ್ಚಾಗಿ ದುಡ್ಡಿನ, ಕೆಲಸದ, ಮನೆಮಂದಿಯ ಲೆಕ್ಕ.

ಫ್ಲೂ ಅಂದ್ರೆ ನೆಗಡಿ ತಾನೇ? ಅದಕ್ಕೂ ಲಸಿಕೆ ಬೇಕಾ?

ನೆಗಡಿ ಬಂದರೆ ಮೂಗು ಒರೆಸಿಕೊಂಡು ಕೆಲಸಕ್ಕೆ ಹೋಗುತ್ತೀರಿ. ಫ್ಲೂ ಬಂದರೆ ಎದ್ದು ಬಚ್ಚಲಿಗೆ ಹೋಗುವುದೂ ಕಷ್ಟ. ಜ್ವರ, ಮೈಕೈ ನೋವು, ಒಣಕೆಮ್ಮು, ಆಮೇಲೆ ವಾರಗಟ್ಟಲೆ ಸುಸ್ತು. ಇದು ಇನ್‌ಫ್ಲುಯೆಂಜಾ ವೈರಸ್‌ನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 100 ಕೋಟಿ ಜನರಿಗೆ ಇದು ಬರುತ್ತದೆ. 30ರಿಂದ 50 ಲಕ್ಷ ಜನರಿಗೆ ಜೋರಾಗಿಯೇ ಬರುತ್ತದೆ. ಉಸಿರಾಟದ ತೊಂದರೆಯಿಂದ ಸಾಯುವವರೇ 2.9 ಲಕ್ಷದಿಂದ 6.5 ಲಕ್ಷ.

ನಮ್ಮಲ್ಲಿ ಇದನ್ನು ‘ವೈರಲ್ ಫೀವರ್’ ಅಂತ ಒಂದೇ ಹೆಸರಲ್ಲಿ ಮುಗಿಸಿಬಿಡುತ್ತೇವೆ. ಯಾರೂ ಟೆಸ್ಟ್ ಮಾಡಿಸುವುದಿಲ್ಲ, ಹಾಗಾಗಿ ಯಾವ ಪುಸ್ತಕದಲ್ಲೂ ಸೇರುವುದಿಲ್ಲ. ಸೇರಿದಷ್ಟೇ ನೋಡಿದರೂ 2015ರಲ್ಲಿ ಭಾರತದಲ್ಲಿ ಎಚ್1ಎನ್1 ಅನ್ನುವ ಒಂದೇ ಬಗೆಯ ಫ್ಲೂನಿಂದ 42 ಸಾವಿರಕ್ಕೂ ಹೆಚ್ಚು ಪ್ರಕರಣ, ಮೂರು ಸಾವಿರದ ಹತ್ತಿರ ಸಾವು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಅನ್ನುವ ಇನ್ನೊಂದು ಬಗೆ ಸುದ್ದಿಯಾಯಿತಲ್ಲ, ಆಗ ದೇಶದಲ್ಲಿ ಮೊದಲು ದೃಢಪಟ್ಟ ಎರಡು ಸಾವುಗಳಲ್ಲಿ ಒಂದು ಕರ್ನಾಟಕದ್ದೇ.

ನಾನು ಮೂವತ್ತರ ಆಸುಪಾಸಿನವನು, ಗಟ್ಟಿಮುಟ್ಟಾಗಿದ್ದೇನೆ. ಸಾವಿರಾರು ರೂಪಾಯಿ ಕೊಟ್ಟರೆ ನನಗೆ ಗಿಟ್ಟುತ್ತಾ?

ಬರೀ ನಿಮ್ಮ ಜೇಬಿನ ಲೆಕ್ಕ ಹಾಕಿದರೆ ಕೆಲವು ವರ್ಷ ಗಿಟ್ಟುತ್ತದೆ, ಕೆಲವು ವರ್ಷ ಇಲ್ಲ. ಲಸಿಕೆ ಪ್ರಚಾರ ಮಾಡುವವರು ಇದನ್ನು ಹೇಳುವುದಿಲ್ಲ. ಹೇಳಬೇಕು ಅಂತ ನನ್ನ ಅಭಿಪ್ರಾಯ.

1995ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಉದ್ಯೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಲಸಿಕೆ ಹಾಕಿಸಿಕೊಂಡವರು ಉಸಿರಾಟದ ಕಾಯಿಲೆಗೆ ಅಂತ ಹಾಕಿದ ರಜೆ 43% ಕಡಿಮೆ, ಡಾಕ್ಟರ್ ಹತ್ತಿರ ಹೋಗಿದ್ದು 44% ಕಡಿಮೆ. ತಲೆಗೆ ಸುಮಾರು 47 ಡಾಲರ್ ಉಳಿತಾಯ. ಎಲ್ಲರೂ ಎತ್ತಿ ತೋರಿಸುವುದು ಇದನ್ನೇ. ಆದರೆ 2000ದಲ್ಲಿ ಇನ್ನೊಂದು ಬಂತು. ಅದೂ ಅಮೆರಿಕದ್ದೇ, ಒಂದು ಕಾರ್ಖಾನೆ ಕಂಪನಿಯ ನೌಕರರನ್ನು ಎರಡು ಹಂಗಾಮು ನೋಡಿದ್ದರು. ಮೊದಲನೇ ವರ್ಷ ಲಸಿಕೆಯಲ್ಲಿದ್ದ ವೈರಸ್ಸೇ ಬೇರೆ, ಊರಲ್ಲಿ ಹರಡಿದ ವೈರಸ್ಸೇ ಬೇರೆ. ಏನೂ ಪ್ರಯೋಜನ ಆಗಲಿಲ್ಲ. ಎರಡನೇ ವರ್ಷ ಸರಿಯಾಗಿ ಹೊಂದಿತು, ಕೆಲಸ ತಪ್ಪಿದ ದಿನಗಳು 32% ಕಡಿಮೆಯಾದವು. ಆದರೂ ದುಡ್ಡಿನ ಲೆಕ್ಕದಲ್ಲಿ ಎರಡೂ ವರ್ಷ ಖರ್ಚೇ ಜಾಸ್ತಿ.

ಹಾಗಾದರೆ ಸುಮ್ನೆ ಯಾಕೆ ಅಂತೀರಾ? ಆ ಲೆಕ್ಕದಲ್ಲಿ ಎಣಿಸಿದ್ದು ಆ ನೌಕರರನ್ನು ಮಾತ್ರ. ಅವರ ಮನೆಯ ಅಜ್ಜಿ, ತೊಟ್ಟಿಲ ಮಗು, ಪಕ್ಕದ ಸೀಟಿನವರು ಯಾರೂ ಅದರಲ್ಲಿ ಬಂದಿಲ್ಲ. ಫ್ಲೂ ಲಸಿಕೆಯ ನಿಜವಾದ ಲಾಭ ಜಮೆ ಆಗುವುದು ಬೇರೆಯವರ ಖಾತೆಗೆ. ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಮಕ್ಕಳಿಗೆ ಹಾಕಿಸಿದರೆ ಅಜ್ಜ ಅಜ್ಜಿಗೆ ಹೇಗೆ ರಕ್ಷಣೆ?

ನಮ್ಮ ಮನೆಗಳನ್ನೇ ನೋಡಿ. ಜೂನ್‌ನಲ್ಲಿ ಶಾಲೆ, ಜೊತೆಗೇ ಮಳೆ. ವ್ಯಾನಿನಲ್ಲಿ ಕಿಟಕಿ ಮುಚ್ಚಿಕೊಂಡು ಒತ್ತೊತ್ತಾಗಿ ಕೂತು ಹೋದ ಮಗು ಸಂಜೆ ಬಂದು ಅಜ್ಜಿಯ ಮಡಿಲಲ್ಲಿ ಮಲಗುತ್ತದೆ. ಮಗುವಿಗೆ ಎರಡು ದಿನ ಜ್ವರ, ಮೂರನೇ ದಿನ ಕುಣಿದಾಡುತ್ತಿರುತ್ತದೆ. ಆಮೇಲೆ ಹಾಸಿಗೆ ಹಿಡಿಯುವ ಸರದಿ ಅಜ್ಜಿಯದು. ಮಕ್ಕಳು ವೈರಸ್ಸನ್ನು ದೊಡ್ಡವರಿಗಿಂತ ಜಾಸ್ತಿ ದಿನ ಹೊರಗೆ ಬಿಡುತ್ತಾರೆ, ಮೈಗೆ ಮೈ ತಾಗಿಸಿಕೊಂಡೇ ಇರುತ್ತಾರೆ.

ಜಪಾನಿನಲ್ಲಿ 1962ರಲ್ಲಿ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಶುರು ಮಾಡಿದರು. ಮುಂದೆ ಕಡ್ಡಾಯವೂ ಆಯಿತು. 1987ರಲ್ಲಿ ಸಡಿಲಿಸಿದರು, 1994ರಲ್ಲಿ ನಿಲ್ಲಿಸಿಯೇಬಿಟ್ಟರು. ಆಮೇಲೆ ಸಂಶೋಧಕರು ಸಾವಿನ ದಾಖಲೆಗಳನ್ನು ತೆಗೆದು ನೋಡಿದಾಗ ಕಾರ್ಯಕ್ರಮ ನಡೆದಷ್ಟು ಕಾಲ ಚಳಿಗಾಲದ ಹೆಚ್ಚುವರಿ ಸಾವು ಇಳಿದಿತ್ತು, ನಿಂತ ಮೇಲೆ ಮತ್ತೆ ಏರಿತ್ತು. ಅವರ ಅಂದಾಜು: ವರ್ಷಕ್ಕೆ 37 ಸಾವಿರದಿಂದ 49 ಸಾವಿರ ಸಾವು ತಪ್ಪಿದೆ. ಹೆಚ್ಚು ಕಡಿಮೆ 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ ಉಳಿದಂತೆ. ಹೀಗೆ ಜೀವ ಉಳಿದವರಲ್ಲಿ ಬಹಳಷ್ಟು ಜನ ವಯಸ್ಸಾದವರು. ಅವರಲ್ಲಿ ಹೆಚ್ಚಿನವರಿಗೆ ಲಸಿಕೆ ಹಾಕಿರಲಿಲ್ಲ.

ದಾಖಲೆ ತಿರುವಿ ಹಾಕಿದ ಲೆಕ್ಕ ಇದು, ಇದಕ್ಕೆ ಬೇರೆ ಕಾರಣವೂ ಇರಬಹುದಲ್ವಾ ಅಂತ ವಾದ ಮಾಡಬಹುದು. ಅದಕ್ಕೆ ಕೆನಡಾದಲ್ಲಿ ನೇರವಾಗಿ ಪರೀಕ್ಷಿಸಿ ನೋಡಿದರು. ಅಲ್ಲಿ ಹಟ್ಟರೈಟ್ ಅನ್ನುವ ಸಮುದಾಯ ಇದೆ. ಊರಿಗೆ ಊರೇ ಒಂದು ಕುಟುಂಬದ ಥರ ಒಟ್ಟಿಗೆ ಕೆಲಸ, ಒಟ್ಟಿಗೆ ಊಟ. ಕೆಲವು ಊರುಗಳ ಮಕ್ಕಳಿಗೆ ಫ್ಲೂ ಲಸಿಕೆ, ಇನ್ನು ಕೆಲವು ಊರುಗಳ ಮಕ್ಕಳಿಗೆ ಬೇರೆ ಲಸಿಕೆ ಹಾಕಿದರು. 2010ರಲ್ಲಿ ಫಲಿತಾಂಶ ಬಂತು. ಮಕ್ಕಳು ಫ್ಲೂ ಲಸಿಕೆ ಪಡೆದ ಊರುಗಳಲ್ಲಿ, ಲಸಿಕೆಯನ್ನೇ ಪಡೆಯದ ಉಳಿದವರಿಗೂ ಸುಮಾರು 61% ರಕ್ಷಣೆ ಸಿಕ್ಕಿತ್ತು.

ಈ ಒಂದು ಸಂಗತಿ ಗೊತ್ತಾದ ಮೇಲೆ ನಮ್ಮ ಶಿಬಿರದ ಚೀಟಿಯಲ್ಲಿ ‘ಹಿರಿಯರಿಗಾಗಿ’ ಅಂತ ಇದ್ದ ಸಾಲನ್ನು ‘ಹಿರಿಯರಿಗೆ ಮತ್ತು ಅವರ ಮೊಮ್ಮಕ್ಕಳಿಗೆ’ ಅಂತ ಮಾಡಿಸಿದೆವು.

ದಿನಗೂಲಿಯವರಿಗೆ, ಆಟೋದವರಿಗೆ, ಮನೆಕೆಲಸದವರಿಗೆ ಇದರ ಲೆಕ್ಕ ಏನು?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಹೊರವರ್ತುಲ ರಸ್ತೆಯ ಕಂಪನಿಯವರಿಗೆ ಜ್ವರ ಬಂದರೆ ಮೆಸೇಜು ಹಾಕಿ ಮಲಗುತ್ತಾರೆ. ಸಂಬಳ ಕಟ್ಟಾಗುವುದಿಲ್ಲ. ಆಟೋ ಓಡಿಸುವವರ ಲೆಕ್ಕ ಹಿಡಿಯಿರಿ. ಗ್ಯಾಸು, ಬಾಡಿಗೆ ಎಲ್ಲ ಕಳೆದು ದಿನಕ್ಕೆ ಸಾವಿರ ಉಳಿಯುತ್ತದೆ ಅಂದುಕೊಳ್ಳೋಣ. ಐದು ದಿನ ಮಲಗಿದರೆ ಐದು ಸಾವಿರ ಹೋಯಿತು. ಡಾಕ್ಟರ್ ಫೀಸು, ಮಾತ್ರೆ ಬೇರೆ. ಆಟೋ ಸ್ವಂತದ್ದಾದರೆ ಸಾಲದ ಕಂತು ನಿಲ್ಲುವುದಿಲ್ಲ. ಹೆಂಡತಿ ಎರಡು ಮೂರು ಮನೆಯಲ್ಲಿ ಕೆಲಸ ಮಾಡುವವರಾದರೆ ಗಂಡನ ಜ್ವರ ಇಳಿಯುವ ಹೊತ್ತಿಗೆ ಅವರಿಗೆ ಏರುತ್ತದೆ. ಒಂದು ಮನೆಯವರು ‘ಪರವಾಗಿಲ್ಲಮ್ಮ, ಹುಷಾರಾದ ಮೇಲೆ ಬಾ’ ಅಂತಾರೆ, ಇನ್ನೊಂದು ಮನೆಯವರು ದಿನ ಎಣಿಸಿ ಹಿಡಿಯುತ್ತಾರೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕೈಸಾಲ, ಚಿನ್ನದ ಓಲೆ ಗಿರವಿ. ಐದು ದಿನದ ಜ್ವರದ ಬಡ್ಡಿಯನ್ನು ಐದು ತಿಂಗಳು ಕಟ್ಟುವವರಿದ್ದಾರೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳದ್ದು ಇನ್ನೊಂದು ಥರ. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆ ಕಡೆಯ ಎಷ್ಟೋ ಕಾರ್ಖಾನೆಗಳಲ್ಲಿ ಹಾಜರಾತಿ ಬೋನಸ್ ಅಂತ ಇರುತ್ತದೆ. ರಜೆ ಹಾಕಿದರೆ ಅದು ಹೋಯಿತು. ಇಎಸ್‌ಐ ಇದೆಯಲ್ಲ ಅಂತೀರಿ. ಇದೆ, ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಕಾಯಿಲೆ ಬಿದ್ದಾಗ ಕೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ನಾಲ್ಕೈದು ದಿನದ ಫ್ಲೂಗೆ ಡಿಸ್ಪೆನ್ಸರಿಗೆ ಹೋಗಿ, ಸರ್ಟಿಫಿಕೇಟ್ ಬರೆಸಿ, ಕಾಗದ ಕೊಟ್ಟು ಬರುವುದಕ್ಕಿಂತ ಒಂದು ಡೋಲೋ ನುಂಗಿ ಮಿಷನ್ ಮುಂದೆ ಕೂರುವುದೇ ವಾಸಿ ಅಂತ ಅವರು ಅಂದುಕೊಳ್ಳುತ್ತಾರೆ. ಆಗ ಇಡೀ ಲೈನಿಗೆ ಹರಡುತ್ತದೆ.

ಈಗ ಲಸಿಕೆಯ ಬೆಲೆಗೆ ಬನ್ನಿ. ಖಾಸಗಿ ಕ್ಲಿನಿಕ್ಕಿನಲ್ಲಿ ಒಂದಕ್ಕೆ ಒಂದೂವರೆ ಸಾವಿರ ಅಂತ ಹಿಡಿದರೂ ನಾಲ್ಕು ಜನರ ಮನೆಗೆ ಆರು ಸಾವಿರ. ಬರಬಹುದಾದ ಜ್ವರಕ್ಕೆ ಇವತ್ತೇ ಆರು ಸಾವಿರ ಕೊಡಿ ಅಂತ ಆ ಮನೆಯವರಿಗೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಜ್ವರದಿಂದ ಜಾಸ್ತಿ ಕಳೆದುಕೊಳ್ಳುವವರಿಗೇ ಲಸಿಕೆ ಕೊಳ್ಳಲು ಆಗುವುದಿಲ್ಲ. ಅದಕ್ಕೇ ಇದು ಅವರವರ ಇಷ್ಟ ಅಂತ ಬಿಟ್ಟುಬಿಡುವ ವಿಷಯ ಅಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏನಾದರೂ ಮಾಡಬಹುದಾ?

ಮಾಡಬಹುದು, ಖರ್ಚೂ ಅಂಥದ್ದೇನಿಲ್ಲ. 200 ಫ್ಲಾಟು, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಮನೆಕೆಲಸದವರು, ಡ್ರೈವರ್‌ಗಳು ಸೇರಿ 40 ಜನ ಅಂದುಕೊಳ್ಳಿ. ತಲೆಗೆ 1,500 ಅಂದರೆ 60 ಸಾವಿರ. ಫ್ಲಾಟಿಗೆ ವರ್ಷಕ್ಕೆ 300 ರೂಪಾಯಿ. ಒಟ್ಟಿಗೆ ತರಿಸಿದರೆ ಇನ್ನೂ ಕಡಿಮೆಗೆ ಕೇಳಬಹುದು. ಗಣೇಶನ ಹಬ್ಬದ ಚಂದಾಕ್ಕೆ ಇದಕ್ಕಿಂತ ಜಾಸ್ತಿ ಕೊಡುತ್ತೇವೆ.

ಒಂದು ಮಾತು: ಒತ್ತಾಯ ಬೇಡ. ‘ಲಸಿಕೆ ಹಾಕಿಸಿಕೊಂಡರೆ ಮಾತ್ರ ಕೆಲಸ’ ಅನ್ನುವುದು ತಪ್ಪು. ಕೈನೋವು ಬಂದರೆ ಒಂದು ದಿನ ರಜೆ ಕೊಡ್ತೀವಿ, ಸಂಬಳ ಹಿಡಿಯಲ್ಲ ಅಂತ ಮೊದಲೇ ಹೇಳಿಬಿಡಿ. ಶಿಬಿರದಲ್ಲಿ ಹೆಚ್ಚು ಜನ ಹಿಂಜರಿಯುವುದು ಸೂಜಿಗೆ ಹೆದರಿ ಅಲ್ಲ, ನಾಳೆ ಕೆಲಸಕ್ಕೆ ಬರಲು ಆಗದಿದ್ದರೆ ಏನು ಗತಿ ಅಂತ.

ಕಂಪನಿಗಳು ಶಿಬಿರ ಮಾಡುತ್ತವಲ್ಲ, ಅದು ಸಾಕಲ್ವಾ?

ಒಳ್ಳೆಯದೇ. ಜ್ವರದಲ್ಲೇ ಬಂದು ಕೂತವರ ಅರ್ಧಂಬರ್ಧ ಕೆಲಸ, ಅವರಿಂದ ಟೀಮಿಗೆಲ್ಲ ಹರಡಿ ತಪ್ಪಿದ ಡೆಡ್‌ಲೈನು, ಇದೆಲ್ಲ ಸೇರಿಸಿದರೆ ಕಂಪನಿಗೂ ಲಾಭ ಇರಬಹುದು. ಆದರೆ ಎಷ್ಟೋ ಕಡೆ ಶಿಬಿರ ಇರುವುದು ಕಂಪನಿ ಐಡಿ ಕಾರ್ಡ್ ಇದ್ದವರಿಗೆ ಮಾತ್ರ. ಅದೇ ಕಟ್ಟಡದ ಕ್ಯಾಂಟೀನಿನಲ್ಲಿ ಊಟ ಬಡಿಸುವವರು, ಕ್ಯಾಬ್ ಓಡಿಸುವವರು, ಗೇಟಿನಲ್ಲಿ ನಿಂತವರು ಗುತ್ತಿಗೆಯವರು. ಅವರಿಗಿಲ್ಲ. ವೈರಸ್ ಐಡಿ ಕಾರ್ಡ್ ನೋಡುವುದಿಲ್ಲ.

ಹೃದಯಕ್ಕೂ ಫ್ಲೂಗೂ ಏನು ಸಂಬಂಧ?

ಬಹಳ ಇದೆ. ಕೆನಡಾದ ಒಂಟಾರಿಯೋದಲ್ಲಿ ಪರೀಕ್ಷೆಯಲ್ಲಿ ಫ್ಲೂ ಅಂತ ಖಚಿತವಾದವರನ್ನು ನೋಡಿದಾಗ, ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಏರಿತ್ತು. ಇದು 2018ರಲ್ಲಿ ಪ್ರಕಟವಾಯಿತು. 2021ರಲ್ಲಿ ಇನ್ನೊಂದು ಪ್ರಯೋಗ ಬಂತು: ಹೃದಯಾಘಾತ ಆದವರಿಗೆ ಆಸ್ಪತ್ರೆಯಲ್ಲಿದ್ದಾಗಲೇ ಫ್ಲೂ ಲಸಿಕೆ ಕೊಟ್ಟರೆ, ಮುಂದಿನ ಒಂದು ವರ್ಷದಲ್ಲಿ ಸಾವು, ಮತ್ತೆ ಹೃದಯಾಘಾತ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಸೇರಿ 7.2% ಇದ್ದದ್ದು 5.3%ಕ್ಕೆ ಇಳಿಯಿತು.

ಒಂದು ಆ್ಯಂಜಿಯೋಪ್ಲಾಸ್ಟಿಗೆ ಈ ಊರಲ್ಲಿ ಎಷ್ಟಾಗುತ್ತದೆ ಅಂತ ಮಾಡಿಸಿಕೊಂಡವರನ್ನು ಕೇಳಿ. ಅದರ ಪಕ್ಕದಲ್ಲಿ ಲಸಿಕೆ ಬೆಲೆ ಇಟ್ಟು ನೋಡಿ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯದ ತೊಂದರೆ ಇರುವವರಿದ್ದರೆ ಮೇಲೆ ಹೇಳಿದ ಗಿಟ್ಟುತ್ತಾ, ಗಿಟ್ಟಲ್ವಾ ಲೆಕ್ಕ ಮರೆತುಬಿಡಿ, ಹಾಕಿಸಿ.

ಬಸುರಿಯರು ಹಾಕಿಸಿಕೊಳ್ಳಬಹುದಾ?

ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಭಾರತ ಸರ್ಕಾರದ ಮಾರ್ಗಸೂಚಿಯೂ ಹೇಳುತ್ತವೆ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಬೇಡ, ಇಂಜೆಕ್ಷನ್ ಮಾತ್ರ. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಫ್ಲೂ ಲಸಿಕೆ ಕೊಡಲು ಬರುವುದಿಲ್ಲ. ತಾಯಿಗೆ ಕೊಟ್ಟರೆ ಅದರ ರಕ್ಷಣೆ ಮಗುವಿಗೂ ಹೋಗುತ್ತದೆ. 2008ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಪ್ರಯೋಗದಲ್ಲಿ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಖಚಿತವಾದ ಫ್ಲೂ 63% ಕಡಿಮೆ ಇತ್ತು. ನಮ್ಮಂಥದ್ದೇ ಹವೆ, ನಮ್ಮಂಥದ್ದೇ ಮನೆಗಳು, ಹಾಗಾಗಿ ಈ ಅಂಕಿ ನನಗೆ ಅಮೆರಿಕದ್ದಕ್ಕಿಂತ ಹತ್ತಿರ ಅನ್ನಿಸುತ್ತದೆ. ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗ ಡಾಕ್ಟರನ್ನು ನೀವೇ ಕೇಳಿ. ಎಷ್ಟೋ ಸಲ ಅವರಾಗಿ ಹೇಳುವುದಿಲ್ಲ.

ಆ್ಯಂಟಿಬಯಾಟಿಕ್‌ಗೂ ಇದಕ್ಕೂ ಸಂಬಂಧ ಇದೆ ಅಂತಾರೆ?

ಫ್ಲೂ ವೈರಸ್‌ನಿಂದ ಬರುತ್ತದೆ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಆದರೂ ಮೆಡಿಕಲ್ ಸ್ಟೋರಿಗೆ ಹೋಗಿ ‘ಜ್ವರ, ಗಂಟಲು ನೋವು’ ಅಂದರೆ ಮೂರು ದಿನದ ಅಜಿಥ್ರೋಮೈಸಿನ್ ಕೈಗೆ ಬರುತ್ತದೆ. ಹೀಗೆ ನುಂಗಿ ನುಂಗಿಯೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತಿರುವುದು. ನಾಳೆ ಯಾರಿಗೋ ನ್ಯುಮೋನಿಯಾ ಆದಾಗ ಅದೇ ಮಾತ್ರೆ ನಾಟುವುದಿಲ್ಲ.

ಒಂಟಾರಿಯೋ ಪ್ರಾಂತ್ಯ 2000ದಿಂದ ಆರು ತಿಂಗಳು ದಾಟಿದ ಎಲ್ಲರಿಗೂ ಫ್ಲೂ ಲಸಿಕೆ ಪುಕ್ಕಟೆ ಕೊಡುತ್ತಿದೆ. ಆಮೇಲೆ ಫ್ಲೂ ಕಾಲದಲ್ಲಿ ಬರೆಯುತ್ತಿದ್ದ ಆ್ಯಂಟಿಬಯಾಟಿಕ್ ಚೀಟಿಗಳು ಅಲ್ಲಿ ಬೇರೆ ಪ್ರಾಂತ್ಯಗಳಿಗಿಂತ ತುಂಬಾ ಇಳಿದವು. ಸುಮಾರು 64% ವ್ಯತ್ಯಾಸ ಅಂತ ಲೆಕ್ಕ ಹಾಕಿದ್ದಾರೆ. ಲಸಿಕೆ ಹಾಕಿಸಿಕೊಂಡವರಿಗೂ ಇದು ಕಣ್ಣಿಗೆ ಕಾಣದ ಲಾಭ.

ಹಾಕಿಸಿಕೊಂಡ ಮೇಲೂ ಜ್ವರ ಬಂತು. ದುಡ್ಡು ದಂಡ ಅಲ್ವಾ?

ಲಸಿಕೆ ಚೆನ್ನಾಗಿ ಹೊಂದಿದ ವರ್ಷ 40ರಿಂದ 60% ರಕ್ಷಣೆ. ನೂರಕ್ಕೆ ನೂರು ಯಾವತ್ತೂ ಇಲ್ಲ. ಪೂರ್ತಿ ಶಕ್ತಿ ಬರಲು ಎರಡು ವಾರ ಬೇಕು, ಅಷ್ಟರಲ್ಲಿ ಬಂದರೆ ಬಂತು. ಡೆಂಗಿ, ನೆಗಡಿ, ಕೋವಿಡ್ ಇವಕ್ಕೆಲ್ಲ ಇದು ತಡೆಯಲ್ಲ. ಆದರೆ ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ಇಂಜೆಕ್ಷನ್ನಿನಿಂದಲೇ ಫ್ಲೂ ಬರುವುದಿಲ್ಲ, ಅದರಲ್ಲಿ ಜೀವಂತ ವೈರಸ್ ಇಲ್ಲ. ಒಂದೆರಡು ದಿನ ತೋಳು ನೋವು, ಸ್ವಲ್ಪ ಮೈ ಬಿಸಿ, ಅಷ್ಟೇ.

ಪ್ರತಿ ವರ್ಷ ಯಾಕೆ ಅಂದರೆ, ವೈರಸ್ ವೇಷ ಬದಲಾಯಿಸುತ್ತಲೇ ಇರುತ್ತದೆ, ನಮ್ಮ ಮೈಯಲ್ಲಿ ಬೆಳೆದ ಶಕ್ತಿಯೂ ತಿಂಗಳುಗಳಲ್ಲಿ ಇಳಿಯುತ್ತದೆ.

ಮೊಟ್ಟೆಯಿಂದ ಮಾಡ್ತಾರಂತೆ, ಹೌದಾ?

ಹೌದು. ಹೆಚ್ಚಿನವನ್ನು ಕೋಳಿಮೊಟ್ಟೆಯಲ್ಲೇ ವೈರಸ್ ಬೆಳೆಸಿ, ಶುದ್ಧ ಮಾಡಿ ತಯಾರಿಸುತ್ತಾರೆ. ಮಲ್ಲೇಶ್ವರ, ಬಸವನಗುಡಿಯ ಹಿರಿಯರು ಇದನ್ನು ಕೇಳಿಯೇ ಕೇಳುತ್ತಾರೆ, ಮುಚ್ಚಿಡುವುದು ಸರಿಯಲ್ಲ. ಔಷಧಿ ಅಂತ ತೆಗೆದುಕೊಳ್ಳುವವರು ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಬೇಡ ಅನ್ನುವ ಅಜ್ಜಿಯ ಮನೆಯಲ್ಲಿ ಉಳಿದವರೆಲ್ಲ ಹಾಕಿಸಿಕೊಂಡರೆ ಅಜ್ಜಿಗೂ ಅಷ್ಟು ನೆರಳು.

ಸರ್ಕಾರ ಯಾಕೆ ಎಲ್ಲರಿಗೂ ಪುಕ್ಕಟೆ ಕೊಡಲ್ಲ?

ಪೋಲಿಯೋ, ದಡಾರದ ಹಾಗೆ ಇದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಆರೋಗ್ಯ ಸಿಬ್ಬಂದಿ, ಬಸುರಿಯರು, ವಯಸ್ಸಾದವರು, ಚಿಕ್ಕ ಮಕ್ಕಳು, ದೀರ್ಘ ಕಾಯಿಲೆಯವರು ಹಾಕಿಸಿಕೊಂಡರೆ ಒಳ್ಳೆಯದು ಅಂತ ಸಲಹೆ ಇದೆ, ದುಡ್ಡು ಹೆಚ್ಚಾಗಿ ನಮ್ಮದೇ. ಕಾರಣಗಳೂ ಇವೆ. ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು, ಉಳಿದದ್ದು ಮುಂದಿನ ವರ್ಷಕ್ಕೆ ಬರುವುದಿಲ್ಲ. ಅದೇ ದುಡ್ಡಿಗೆ ಕ್ಷಯ, ರಕ್ತಹೀನತೆಯೂ ಕೈಚಾಚುತ್ತವೆ. ಎಲ್ಲರಿಗೂ ಕೊಡಿ ಅಂತ ನಾನೂ ಕೇಳುವುದಿಲ್ಲ.

ಆದರೆ ಆಸ್ಪತ್ರೆ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಬಿಎಂಟಿಸಿ ಕಂಡಕ್ಟರ್‌ಗಳು, ಬಸುರಿಯರು, ಇಷ್ಟು ಜನರಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಕೊಟ್ಟರೆ ಒಂದು ಲಸಿಕೆಗೆ ಸಿಗುವ ಫಲ ಹೆಚ್ಚು. ಅವರಲ್ಲಿ ಒಬ್ಬರು ಮಲಗಿದರೆ ನಿಲ್ಲುವ ಕೆಲಸ, ಒಬ್ಬರಿಂದ ಹರಡುವ ಜನ, ಎರಡೂ ಜಾಸ್ತಿ. 2021–22ರ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ 39.4% ಜನರ ಜೇಬಿನಿಂದಲೇ ನೇರವಾಗಿ ಹೋಗಿದೆ. ಸರ್ಕಾರ ಕೊಡದಿದ್ದರೂ ಖರ್ಚು ಆಗುತ್ತಲೇ ಇದೆ, ಆಸ್ಪತ್ರೆ ಬಿಲ್ಲಿನ ರೂಪದಲ್ಲಿ.

ಇನ್ಶೂರೆನ್ಸ್‌ನವರು ಕೊಡ್ತಾರಾ?

ಹೆಚ್ಚಿನ ಪಾಲಿಸಿಗಳು ಲಸಿಕೆಗೆ ಕೊಡುವುದಿಲ್ಲ, ಫ್ಲೂ ಜೋರಾಗಿ ಆಸ್ಪತ್ರೆಗೆ ಸೇರಿದರೆ ಕೊಡುತ್ತವೆ. ವಿಚಿತ್ರ ಅಲ್ವಾ? ಕೆಲವು ಪಾಲಿಸಿಗಳಲ್ಲಿ ಇರುತ್ತದೆ, ನಿಮ್ಮದನ್ನು ಓದಿ ನೋಡಿ.

ಬೆಂಗಳೂರಿನವರು ಯಾವಾಗ ಹಾಕಿಸಿಕೊಳ್ಳಬೇಕು?

ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಮತ್ತೆ ಜನವರಿಯಿಂದ ಮಾರ್ಚ್ ಹೊತ್ತಿಗೆ ಇನ್ನೊಂದು ಸುತ್ತು. ಲಸಿಕೆಯಲ್ಲಿ ಯಾವ ವೈರಸ್‌ಗಳಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಮಳೆಗೆ ಮುಂಚೆ, ಏಪ್ರಿಲ್‌ನಿಂದ ಜೂನ್ ಒಳಗೆ ಹೊಸ ಸ್ಟಾಕು ಕೇಳಿ ಹಾಕಿಸಿಕೊಳ್ಳಿ. ತಪ್ಪಿಹೋದರೆ ಆಮೇಲಾದರೂ ಸರಿ. ಮೊದಲ ಸಲ ಹಾಕಿಸಿಕೊಳ್ಳುವ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು.

ಬಾಕ್ಸಿನ ಮೇಲೆ ಯಾವ ವರ್ಷದ್ದು ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕರೆಂಟು ಹೋದಾಗ ಫ್ರಿಜ್ಜಿಗೆ ಏನು ವ್ಯವಸ್ಥೆ ಅಂತ ಕ್ಲಿನಿಕ್ಕಿನಲ್ಲಿ ಕೇಳಲು ನಾಚಿಕೆ ಬೇಡ. ಜೋರು ಜ್ವರ ಇರುವ ದಿನ ಬೇಡ, ಇಳಿದ ಮೇಲೆ ಬನ್ನಿ. ಚುಚ್ಚಿಸಿಕೊಂಡ ಮೇಲೆ ಹದಿನೈದು ನಿಮಿಷ ಅಲ್ಲೇ ಕೂತು ಹೊರಡಿ. ಮತ್ತೆ, ದಯವಿಟ್ಟು ತೋಳು ಮೇಲೇರುವಂಥ ಸಡಿಲ ಅಂಗಿ ಹಾಕಿಕೊಂಡು ಬನ್ನಿ. ಪ್ರತಿ ವರ್ಷ ಕ್ಯೂ ನಿಲ್ಲುವುದು ಅಲ್ಲೇ.